ಐದನೇ ತಂತಿ ಬೇಕೋ, ಐದು ಗೆರೆ ಬೇಕೋ?

ಪ್ರಶ್ನೆ: ನನಗೆ 27 ವರ್ಷ. ಚಿಕ್ಕಮಗಳೂರಿನ ಹತ್ತಿರ, ಆಲ್ದೂರಿನ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದೇನೆ. ಹೈಸ್ಕೂಲಿನಲ್ಲಿದ್ದಾಗ ಕರ್ನಾಟಕ ಸಂಗೀತದಲ್ಲಿ ಜೂನಿಯರ್ ಪರೀಕ್ಷೆ ಮುಗಿಸಿದ್ದೆ. ಮೂರು ವರ್ಷದಿಂದ ಗೆಳೆಯರ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದೇನೆ. ಯಾರೂ ಕಲಿಸಿದ್ದಲ್ಲ, ಕೇಳಿ ಕೇಳಿ ಕಲಿತದ್ದು. ಸೆಕೆಂಡ್ ಹ್ಯಾಂಡ್ ನಾಲ್ಕು ತಂತಿಯ ಬೇಸ್ ಇದೆ. ಮಳೆಗಾಲ ಬಂತೆಂದರೆ ತಂತಿ ಫ್ರೆಟ್‌ಗೆ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗೆ) ತಾಗಿ ಝರ್ ಎನ್ನುತ್ತದೆ. ಕೆಲವು ಸ್ಟೇಜ್‌ಗಳಲ್ಲಿ ಗುಂಯ್ ಎಂಬ ಸದ್ದೂ ಬರುತ್ತದೆ. 40 ಸಾವಿರ ಕೂಡಿಟ್ಟಿದ್ದೇನೆ. ಐದು ತಂತಿಯ ಆಕ್ಟಿವ್ ಬೇಸ್ ತಗೋ ಎಂದು ಗೆಳೆಯರು ಹೇಳುತ್ತಾರೆ. ನಮ್ಮ ಕೀಬೋರ್ಡ್‌ನವರು ಮೊದಲು ಸ್ಟಾಫ್ ನೊಟೇಶನ್, ಅಂದರೆ ಐದು ಗೆರೆಗಳ ಮೇಲೆ ಸ್ವರ ಬರೆಯುವ ಪಾಶ್ಚಾತ್ಯ ಲಿಪಿ, ಕಲಿ ಎನ್ನುತ್ತಾರೆ. ನಾವು ನುಡಿಸುವ ಹಾಡುಗಳಿಗೆ ನೊಟೇಶನ್ ಸಿಗುವುದಿಲ್ಲ, ಸ್ಟೇಜ್ ಮೇಲೆ ಯಾರೂ ಓದುವುದೂ ಇಲ್ಲ. ಹಾಗಿರುವಾಗ ಈ ವಯಸ್ಸಿನಲ್ಲಿ ಅದನ್ನು ಕಲಿತು ಏನು ಪ್ರಯೋಜನ? ದುಡ್ಡನ್ನು ಯಾವುದಕ್ಕೆ ಹಾಕಲಿ?

ಉತ್ತರ: ಕೂಡಿಟ್ಟ ದುಡ್ಡು ಸದ್ಯಕ್ಕೆ ಬ್ಯಾಂಕಿನಲ್ಲೇ ಇರಲಿ. ನೀವು ಬರೆದ ಎರಡು ದೂರು, ಝರ್ ಮತ್ತು ಗುಂಯ್, ಹೊಸ ಬೇಸ್ ತಂದ ಮಾತ್ರಕ್ಕೆ ಹೋಗುವಂಥವಲ್ಲ. ಆಲ್ದೂರಿನ ಮಳೆ ಹೊಸ ಬೇಸನ್ನೂ ಬಿಡುವುದಿಲ್ಲ. ಕೆಟ್ಟ ಅರ್ತಿಂಗ್ ಇರುವ ಸ್ಟೇಜ್‌ನಲ್ಲಿ ಲಕ್ಷ ರೂಪಾಯಿಯ ಬೇಸೂ ಗುಂಯ್ ಎನ್ನಬಹುದು. ಇವೆರಡನ್ನು ಮೊದಲು ಮುಗಿಸೋಣ. ಆಮೇಲೆ ಐದನೇ ತಂತಿ, ಆಮೇಲೆ ಐದು ಗೆರೆ.

ಬೇಸಿನ ನೆಕ್, ಅಂದರೆ ಬೆರಳೊತ್ತುವ ಉದ್ದನೆಯ ಕತ್ತು, ಮರದ್ದು. ಶ್ರುತಿ ಮಾಡಿದ ನಾಲ್ಕು ತಂತಿಗಳು ಸೇರಿ ಅದನ್ನು ಸುಮಾರು 70 ಕೆ.ಜಿ. ಬಲದಲ್ಲಿ ಎಳೆಯುತ್ತಿರುತ್ತವೆ. ನಿಮ್ಮ ತೋಟದ ಒಂದು ಮೂಟೆ ಕಾಫಿಗಿಂತ ಜಾಸ್ತಿ ಆಯಿತಲ್ಲ! ನೆಕ್ ಒಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಇದೆ. ಅದು ಈ ಎಳೆತಕ್ಕೆ ಎದುರಾಗಿ ನಿಲ್ಲುತ್ತದೆ. ಎರಡೂ ಸಮನಾಗಿದ್ದರೆ ನೆಕ್ ಸರಿಯಾಗಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಕಡೆ ಗಾಳಿಯಲ್ಲೆಲ್ಲ ತೇವ. ಮರ ಅದನ್ನು ಕುಡಿದು ಉಬ್ಬುತ್ತದೆ. ಮಳೆಗಾಲದಲ್ಲಿ ಮನೆಯ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವುದಿಲ್ವಾ, ಅದೇ ಕತೆ. ನೆಕ್ ಕೂದಲೆಳೆಯಷ್ಟು ಬಾಗಿದರೂ ಸಾಕು, ತಂತಿ ಫ್ರೆಟ್‌ಗೆ ತಾಗುತ್ತದೆ.

ಯಾವ ಕಡೆಗೆ ಬಾಗಿದೆ ಎಂದು ಊಹಿಸಬೇಡಿ, ನೋಡಿ. ದಪ್ಪದ ಇ ತಂತಿಯನ್ನು ಮೊದಲ ಫ್ರೆಟ್‌ನಲ್ಲಿ ಒಂದು ಕೈಯಿಂದ, ನೆಕ್ ಬಾಡಿಗೆ ಸೇರುವ ಕಡೆ ಇನ್ನೊಂದು ಕೈಯಿಂದ ಒತ್ತಿ ಹಿಡಿಯಿರಿ. ಈಗ ಆ ತಂತಿಯೇ ನಿಮ್ಮ ಅಡಿಪಟ್ಟಿ. ಏಳು ಅಥವಾ ಎಂಟನೇ ಫ್ರೆಟ್ ಮೇಲೆ ಎಷ್ಟು ಸಂದು ಇದೆ ನೋಡಿ. ಒಂದು ವಿಸಿಟಿಂಗ್ ಕಾರ್ಡ್ ನುಸುಳುವಷ್ಟು, ಅಂದರೆ 0.3 ಮಿ.ಮೀ. ಆಸುಪಾಸು ಇರಬೇಕು. ಸಂದು ಇಲ್ಲವೇ ಇಲ್ಲ, ಮೊದಲ ನಾಲ್ಕೈದು ಫ್ರೆಟ್‌ಗಳಲ್ಲೇ ಝರ್ ಎನ್ನುತ್ತದೆ ಎಂದಾದರೆ ನೆಕ್ ಹಿಂದಕ್ಕೆ ಹೋಗಿದೆ, ರಾಡನ್ನು ಸಡಿಲಿಸಬೇಕು. ಸಂದು ಜಾಸ್ತಿ ಇದೆ, ತಂತಿ ನಡುವೆ ಎತ್ತರವಾಗಿ ಬೆರಳಿಗೆ ಕಷ್ಟವಾಗುತ್ತಿದೆ ಎಂದಾದರೆ ಬಿಗಿ ಮಾಡಬೇಕು. ರಾಡಿನ ತುದಿಗೆ ಎದುರಾಗಿ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕು ಬಿಗಿ, ಉಲ್ಟಾ ಸಡಿಲ. ಅಲೆನ್ ಕೀಯನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸಬೇಡಿ. ತಿರುಗಿಸಿ, ಶ್ರುತಿ ಮಾಡಿ, ಒಂದು ದಿನ ಬಿಟ್ಟು ಮತ್ತೆ ನೋಡಿ. ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ಬಲ ಹಾಕಲೇಬೇಡಿ, ಕೆಲಸ ಬಲ್ಲವರ ಹತ್ತಿರ ಒಯ್ಯಿರಿ. ರಾಡ್ ಮುರಿದರೆ ಬೇಸ್ ಸೌದೆಗೆ ಸಮ.

ನೆಕ್ ಸರಿಯಾದ ಮೇಲೆ ತಂತಿಯ ಎತ್ತರ. ಹನ್ನೆರಡನೇ ಫ್ರೆಟ್ ಮೇಲೆ ಇ ತಂತಿ 2.5 ಮಿ.ಮೀ., ಜಿ ತಂತಿ 2 ಮಿ.ಮೀ. ಇದ್ದರೆ ಹೆಚ್ಚಿನ ಕೈಗಳಿಗೆ ಹೊಂದುತ್ತದೆ. ಕೊನೆಗೆ, ಹನ್ನೆರಡನೇ ಫ್ರೆಟ್‌ನಲ್ಲಿ ಒತ್ತಿ ನುಡಿಸಿದ ಸ್ವರ ಮತ್ತು ಅದೇ ಜಾಗದಲ್ಲಿ ಬೆರಳು ಸುಮ್ನೆ ಮುಟ್ಟಿಸಿ ತೆಗೆದ ಹಾರ್ಮೋನಿಕ್, ಎರಡೂ ಟ್ಯೂನರ್‌ನಲ್ಲಿ ಒಂದೇ ತೋರಿಸಬೇಕು. ಒತ್ತಿದ್ದು ಏರಿದ್ದರೆ ಬ್ರಿಡ್ಜ್‌ನಲ್ಲಿ ತಂತಿ ಕೂರುವ ತುಂಡು, ಅಂದರೆ ಸ್ಯಾಡಲ್, ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಇಷ್ಟಕ್ಕೆ ಸೆಟಪ್ ಎನ್ನುತ್ತಾರೆ. ಮಳೆ ಹಿಡಿದಾಗ ಒಂದು ಸಲ, ಚಳಿ ಬಂದಾಗ ಒಂದು ಸಲ ಮಾಡಿಕೊಂಡರೆ ನಿಮ್ಮ ಹಳೆಯ ಬೇಸ್ ಹೊಸದರ ಹಾಗೆ ನುಡಿಯುತ್ತದೆ. ಬೇಸನ್ನು ಹೊರಗೋಡೆಗೆ ಒರಗಿಸಿ ಇಡಬೇಡಿ. ತೇವ ಹೋಗಲಿ ಎಂದು ಒಲೆಯ ಹತ್ತಿರವೂ ಬೇಡ. ಬ್ಯಾಗಿನೊಳಗೆ ನಾಲ್ಕು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ನುಡಿಸಿದ ಮೇಲೆ ಹಳೆಯ ಪಂಚೆ ತುಂಡಿನಲ್ಲಿ ತಂತಿ ಒರೆಸಿ.

ಗುಂಯ್ ವಿಷಯ ಇನ್ನೂ ಮುಖ್ಯ, ಯಾಕೆಂದರೆ ಅದರಲ್ಲಿ ಜೀವದ ಪ್ರಶ್ನೆ ಇದೆ. ತಂತಿ ಮುಟ್ಟಿದ ಕೂಡಲೇ ಸದ್ದು ಕಡಿಮೆಯಾದರೆ ಅಷ್ಟು ಹೆದರಬೇಡಿ. ತಂತಿಯ ಕಂಪನ ಹಿಡಿಯುವ ಪಿಕಪ್ ಸುತ್ತಮುತ್ತಲಿನ ಟ್ಯೂಬ್‌ಲೈಟ್, ಸೀರಿಯಲ್ ಸೆಟ್‌ನ ಗದ್ದಲವನ್ನೆಲ್ಲ ಹಿಡಿಯುತ್ತಿದೆ, ಅಷ್ಟೇ. ಸ್ವಲ್ಪ ತಿರುಗಿ ನಿಂತರೂ ಕಡಿಮೆಯಾಗುತ್ತದೆ. ಆದರೆ ಬೇಸ್ ಹಿಡಿದುಕೊಂಡು ಮೈಕಿಗೆ ತುಟಿ ತಾಗಿಸಿದಾಗ ಚುರ್ ಎಂದರೆ ಅಲ್ಲಿಗೇ ನಿಲ್ಲಿಸಿ. ನಿಮ್ಮ ಆಂಪ್ಲಿಫೈಯರ್ ಒಂದು ಕಡೆಯ ಅರ್ತ್‌ನಲ್ಲಿದೆ, ಮಿಕ್ಸರ್ ಇನ್ನೊಂದು ಕಡೆಯದರಲ್ಲಿದೆ, ಇಲ್ಲವೇ ಒಂದಕ್ಕೆ ಅರ್ತೇ ಇಲ್ಲ. ನಡುವೆ ತಂತಿಯಾಗಿರುವುದು ನೀವು. ನಮ್ಮ ಕಡೆಯ ಪೆಂಡಾಲ್‌ಗಳಲ್ಲಿ ಪಕ್ಕದ ಮನೆಯಿಂದ ಒಂದು ವೈರು, ದೇವಸ್ಥಾನದಿಂದ ಇನ್ನೊಂದು, ಜನರೇಟರ್‌ನಿಂದ ಮತ್ತೊಂದು ಎಳೆದಿರುತ್ತಾರೆ. ಸ್ಟೇಜ್‌ನ ವಾದ್ಯಗಳಿಗೆಲ್ಲ ಮಿಕ್ಸರ್‌ಗೆ ಬಂದ ಲೈನಿನಿಂದಲೇ ಕರೆಂಟು ಕೊಡಿ ಎಂದು ಸೌಂಡ್‌ನವರನ್ನು ಕೇಳಿ. ನಿಮ್ಮ ಅಭ್ಯಾಸದ ಮನೆಯಲ್ಲೂ ಅರ್ತಿಂಗ್ ಗುಂಡಿಯನ್ನು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಬೇಸಿಗೆಯಲ್ಲಿ ಅದು ಒಣಗಿ ಕೂತಿರುತ್ತದೆ. ಗುಂಯ್ ಹೋಗಲಿ ಎಂದು ಪ್ಲಗ್‌ನ ಮೂರನೇ ಪಿನ್ ಕಿತ್ತು ಹಾಕುವವರನ್ನು ನೋಡಿದ್ದೇನೆ. ಸದ್ದೇನೋ ಹೋಗುತ್ತದೆ, ಅದರ ಜೊತೆ ನಿಮ್ಮ ರಕ್ಷಣೆಯೂ ಹೋಗುತ್ತದೆ.

ಐದನೇ ತಂತಿಗೆ ಬರೋಣ. ನಾಲ್ಕು ತಂತಿಯ ಬೇಸಿನ ತಗ್ಗಿನ ಇ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಐದನೇ ತಂತಿಯ ತಗ್ಗಿನ ಬಿ ಸುಮಾರು 31 ಸಲ. ಊರ ಹಬ್ಬಕ್ಕೆ ಬರುವ ಬಾಕ್ಸ್‌ಗಳಲ್ಲಿ 40ರ ಕೆಳಗಿನದು ಸ್ವರವಾಗಿ ಕೇಳುವುದು ಅಪರೂಪ. ಎದೆಗೆ ಗುದ್ದುತ್ತದೆ, ಕಿವಿಗೆ ಗೊಜ್ಜಾಗಿ ಬರುತ್ತದೆ. ಹಾಗಂತ ಐದು ತಂತಿ ಸುಳ್ಳಲ್ಲ. ಅದರ ಲಾಭ ಇರುವುದು ಕೈಯ ಜಾಗದಲ್ಲಿ. ನಿಮ್ಮ ಗಾಯಕರು ಡಿ, ಡಿ ಶಾರ್ಪ್‌ನಲ್ಲಿ ಹಾಡುವವರಾದರೆ ತಗ್ಗಿನ ಷಡ್ಜ ಬಿ ತಂತಿಯ ಮೂರು, ನಾಲ್ಕನೇ ಫ್ರೆಟ್‌ನಲ್ಲಿ ಸಿಗುತ್ತದೆ. ಬೇಕೆಂದಾಗ ಅದನ್ನು ಮುಟ್ಟಬಹುದು. ಆದರೆ ನುಡಿಸದ ತಂತಿಯನ್ನು ಸದ್ದಿಲ್ಲದೆ ಹಿಡಿದಿಡುವುದು ನಾಲ್ಕು ತಂತಿಯಲ್ಲೇ ಅರ್ಧ ಕೆಲಸ. ಐದನೆಯದು ಬಂದರೆ ಅದು ತಾನಾಗಿಯೇ ಗುನುಗುತ್ತಿರುತ್ತದೆ. ನಿಮ್ಮ ಈಗಿನ ನುಡಿಸಾಣಿಕೆಯ ಒಂದು ರೆಕಾರ್ಡಿಂಗ್ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಹಾಡು ನಿಂತ ಕಡೆಯೆಲ್ಲ ಬೇಸೂ ನಿಂತಿದೆಯೇ? ಇಲ್ಲವಾದರೆ ಐದನೇ ತಂತಿ ಇನ್ನೂ ಬೇಡ. ಡಿ ಬೇಕೇ ಬೇಕು ಎನ್ನುವ ಹಾಡಿಗೆ ಇ ತಂತಿಯನ್ನೇ ಎರಡು ಮನೆ, ಅಂದರೆ ಎರಡು ಫ್ರೆಟ್‌ನಷ್ಟು, ಇಳಿಸಿ ಡಿ ಮಾಡಿಕೊಳ್ಳಿ.

1951ರಲ್ಲಿ ಲಿಯೋ ಫೆಂಡರ್ ಹೊರತಂದ ಪ್ರಿಸಿಷನ್ ಬೇಸ್‌ಗೆ ಇದ್ದದ್ದು ನಾಲ್ಕು ತಂತಿ, ಒಂದು ಪಿಕಪ್, ಎರಡು ಗುಂಡಿ. ಫ್ರೆಟ್ ಇರುವುದರಿಂದ ಸ್ವರ ನಿಖರವಾಗಿ ಬೀಳುತ್ತದೆ ಎಂದೇ ಆ ಹೆಸರು. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಗೆ 1960ರ ದಶಕದಲ್ಲಿ ಜೇಮ್ಸ್ ಜೇಮರ್ಸನ್ ನುಡಿಸಿದ ಎಷ್ಟೋ ಹಾಡುಗಳು ಇಂಥದೇ ಬೇಸಿನಲ್ಲಿ ಬಂದವು. ಬಲಗೈಯಲ್ಲಿ ಅವರು ದುಡಿಸುತ್ತಿದ್ದದ್ದು ಒಂದೇ ಒಂದು ತೋರುಬೆರಳು. ನಾವು ಐದು ತಂತಿ, ಮೂರು ಬ್ಯಾಂಡ್ ಈಕ್ವಲೈಸರ್ ಎಂದು ಒದ್ದಾಡುತ್ತೇವೆ.

ಆಕ್ಟಿವ್ ಬೇಸ್ ಎಂದರೆ ಒಳಗೆ 9 ವೋಲ್ಟ್ ಬ್ಯಾಟರಿಯಿಂದ ನಡೆಯುವ ಒಂದು ಸಣ್ಣ ಸರ್ಕ್ಯೂಟ್ ಇದೆ ಎಂದಷ್ಟೇ. ಕೇಬಲ್ ಚುಚ್ಚಿಟ್ಟು ಮರೆತರೆ ಬ್ಯಾಟರಿ ಖಾಲಿಯಾಗುತ್ತದೆ, ಅದೂ ಸ್ಟೇಜ್ ಮೇಲೆಯೇ ಆಗುತ್ತದೆ. ಮುಂದೊಂದು ದಿನ ಹೊಸದು ತಗೊಳ್ಳುವುದಾದರೆ ಯಮಹಾ, ಐಬನೇಜ್, ಸ್ಕ್ವಯರ್, ಕೋರ್ಟ್ ಯಾವುದಾದರೂ ಆಗಬಹುದು. ಆ ದರದಲ್ಲಿ ಬ್ರ್ಯಾಂಡ್‌ಗಿಂತ ನಿಮ್ಮ ಕೈಗೆ ಬಂದ ಆ ಒಂದು ಪೀಸ್ ಹೇಗಿದೆ ಎನ್ನುವುದೇ ಮುಖ್ಯ. ಬೆಂಗಳೂರಿಗೋ ಮೈಸೂರಿಗೋ ಹೋಗಿ ಕೈಯಲ್ಲಿ ಹಿಡಿದು ನೋಡಿ. ಪ್ರತಿ ತಂತಿಯ ಪ್ರತಿ ಫ್ರೆಟ್ ನುಡಿಸಿ. ಅರ್ಧ ಗಂಟೆ ಹೆಗಲಿಗೆ ನೇತು ಹಾಕಿಕೊಳ್ಳಿ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಇನ್ನು ನೊಟೇಶನ್. ನೀವು ಹೇಳಿದ್ದು ನಿಜವೇ. ನಾನು ಹಾಸನದಲ್ಲಿ ಹೆಚ್ಚುಕಡಿಮೆ ಮೂವತ್ತು ವರ್ಷ ಸ್ಟೇಜ್ ಹತ್ತಿದ್ದೇನೆ. ಗಣಪತಿ ಪೆಂಡಾಲ್, ಹಾಸನಾಂಬ ಜಾತ್ರೆ ಸಮಯದ ರಸಮಂಜರಿ, ಕಲಾಕ್ಷೇತ್ರದ ಕಾರ್ಯಕ್ರಮ, ಲೆಕ್ಕವಿಲ್ಲದಷ್ಟು ಆರತಕ್ಷತೆ. ಒಂದು ಸಲವೂ ಯಾರೂ ನನ್ನ ಮುಂದೆ ಹಾಳೆ ಇಟ್ಟಿಲ್ಲ. ಸಿಕ್ಕಿದ್ದು ಇಷ್ಟೇ: "ಅಣ್ಣಾ, ಡಿ ಮೈನರ್. ಎರಡನೇ ಬಿಜಿಎಂ ಆದಮೇಲೆ ಕಟ್ ಇದೆ, ನನ್ನ ಮುಖ ನೋಡ್ತಾ ಇರಿ." ಮುಖ ನೋಡಿಯೇ ಮೂವತ್ತು ವರ್ಷ ಕಳೆದೆ. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿಗೂ ನೊಟೇಶನ್ ಓದಲು ಬರುವುದಿಲ್ಲ. ಆದ್ದರಿಂದ ಓದು ಬಾರದವರು ಬೇಸ್ ನುಡಿಸಲಾರರು ಎಂದು ನಾನು ಹೇಳುವುದಿಲ್ಲ. ಹೇಳಿದರೆ ನನ್ನ ಅರ್ಧ ಆಯುಸ್ಸೇ ಸುಳ್ಳಾಗುತ್ತದೆ.

ಆದರೂ ನಿಮ್ಮ ಕೀಬೋರ್ಡ್‌ನವರ ಪರವಾಗಿ ನಾನು ನಿಲ್ಲುವುದಕ್ಕೆ ಒಂದು ಕಾರಣ ಇದೆ. ಇಪ್ಪತ್ತು ವರ್ಷದ ಹಿಂದಿನ ಮಾತು. ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಭಕ್ತಿಗೀತೆಗಳ ರೆಕಾರ್ಡಿಂಗ್. ಮಾಮೂಲಿ ಬೇಸ್‌ನವರಿಗೆ ಜ್ವರ. ಯಾರೋ ನನ್ನ ಹೆಸರು ಹೇಳಿದರು. ರಾತ್ರಿ ಬಸ್ ಹತ್ತಿ ಹೋದೆ. ಮುಂದೆ ಹಾಳೆ ಇಟ್ಟರು. ಓದಲು ಬರುವುದಿಲ್ಲ ಎನ್ನಲು ನಾಚಿಕೆ. ಮೇಲೆ ಕಾರ್ಡ್ ಹೆಸರು ಬರೆದಿತ್ತು, ಅದನ್ನು ನೋಡಿಕೊಂಡು ಕಿವಿ ಬಿಟ್ಟು ನುಡಿಸಿದರಾಯಿತು ಎಂದುಕೊಂಡೆ. ಪಲ್ಲವಿ ಚೆನ್ನಾಗಿಯೇ ಹೋಯಿತು. ಚರಣಕ್ಕೆ ಮುಂಚೆ ಕೊಳಲು ನಿಂತಿತು, ತಬಲಾ ನಿಂತಿತು, ಎಲ್ಲರೂ ಎರಡು ಎಣಿಕೆ ಸುಮ್ಮನಾದರು. ನನ್ನ ಬೇಸ್ ಮಾತ್ರ ಢುಂ ಎಂದಿತು. ಇನ್ನೊಂದು ಟೇಕ್. ಮತ್ತೆ ಢುಂ. ಒಂದೇ ದಿನ, ಹತ್ತು ಹಾಡು. ಪ್ರತಿ ಹಾಡಿನಲ್ಲೂ ಎಲ್ಲಿ ನಿಲ್ಲಬೇಕೆಂದು ನೆನಪಿಡಲು ಆಗಲಿಲ್ಲ. ಮಧ್ಯಾಹ್ನ ಊಟ ಹಾಕಿ, ಬಸ್ ಚಾರ್ಜ್ ಕೊಟ್ಟು ಕಳಿಸಿದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಆ ಹಾಳೆಯನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಂಡು ಬಂದಿದ್ದೆ. ಆಮೇಲೆ ಗೊತ್ತಾಯಿತು, ನಾನು ಢುಂ ಎನಿಸಿದ ಜಾಗದಲ್ಲಿ ನಡುಗೆರೆಯ ಮೇಲೆ ಚಿಕ್ಕ ಟೋಪಿ ಕೂತ ಹಾಗೆ ಒಂದು ಗುರುತು ಇತ್ತು. ಎರಡು ಎಣಿಕೆ ಸುಮ್ಮನಿರು ಎಂದು ಅದರ ಅರ್ಥ. ಅಂದು ಸ್ವರಗಳಲ್ಲಿ ನಾನು ಎಲ್ಲೂ ತಪ್ಪಿರಲಿಲ್ಲ. ಕಿವಿ ಕೈಕೊಟ್ಟಿರಲಿಲ್ಲ. ಸದ್ದನ್ನು ಎಲ್ಲಿ ನಿಲ್ಲಿಸಬೇಕು ಎನ್ನುವುದೊಂದು ನನಗೆ ಕಾಣುತ್ತಿರಲಿಲ್ಲ.

ನೀವು ಜೂನಿಯರ್ ಮುಗಿಸಿದವರು, ಆದ್ದರಿಂದ ಈ ಮಾತು ನಿಮಗೆ ಬೇರೆಯವರಿಗಿಂತ ಬೇಗ ಹಿಡಿಸುತ್ತದೆ. ನಿಮ್ಮ ಸಂಗೀತದ ಪುಸ್ತಕದಲ್ಲಿ ಗೀತೆ, ವರ್ಣ ಹೇಗೆ ಬರೆದಿರುತ್ತಿತ್ತು ನೆನಪಿಸಿಕೊಳ್ಳಿ. 'ಸ' ಬರೆದು ಪಕ್ಕದಲ್ಲಿ ಅಲ್ಪವಿರಾಮ ಹಾಕಿದರೆ ಇನ್ನೊಂದು ಅಕ್ಷರ ಕಾಲ. ಅರ್ಧವಿರಾಮ ಹಾಕಿದರೆ ಎರಡು. ಸ್ವರಗಳ ಮೇಲೆ ಗೆರೆ ಎಳೆದರೆ ವೇಗ ದುಪ್ಪಟ್ಟು. ಅಂದರೆ ನೀವು ಸಂಗೀತ ಓದಲು ಬಾರದವರಲ್ಲ. ಒಂದು ಲಿಪಿಯನ್ನು ಆಗಲೇ ಓದುತ್ತೀರಿ. ಎರಡನೆಯದನ್ನು ಕಲಿಯಬೇಕಾಗಿದೆ, ಅಷ್ಟೇ.

ಈಗ ಆ ಅಲ್ಪವಿರಾಮವನ್ನೇ ನೋಡಿ. 'ಸ , , ,' ಎಂದು ಬರೆದಿದೆ. ನಾಲ್ಕು ಅಕ್ಷರದ ಕಾಲ. ಹಾಡುವವರು ಕಾರ್ವೆ ಕೊಟ್ಟು ಎಳೆಯುತ್ತಾರೆ. ವೀಣೆಯಲ್ಲಿ ಮೀಟಿದ ನಾದ ತಾನಾಗಿ ಕರಗುತ್ತದೆ. ಅವರಿಗೆ ಈ ಬರಹ ಸಾಕು. ನೀವು ಅದನ್ನು ಬೇಸಿನಲ್ಲಿ ನುಡಿಸಿ. ಮೊದಲ ಸಲ ನಾಲ್ಕು ಅಕ್ಷರವೂ ಸದ್ದು ತುಂಬಿರಲಿ. ಎರಡನೇ ಸಲ ಎರಡು ಅಕ್ಷರಕ್ಕೆ ಎಡಗೈ ಸಡಿಲಿಸಿ ಸದ್ದು ಕಟ್ ಮಾಡಿ. ಮೂರನೇ ಸಲ ಒಂದೇ ಅಕ್ಷರಕ್ಕೆ ಕಟ್. ಸ್ವರ ಅದೇ, ಎತ್ತಿದ ಜಾಗವೂ ಅದೇ. ಆದರೆ ಮೊದಲನೆಯದಕ್ಕೆ ಭಜನೆ ಮಾಡಬಹುದು, ಮೂರನೆಯದಕ್ಕೆ ಕಾಲು ತಾನಾಗಿ ಕುಣಿಯುತ್ತದೆ. ನಮ್ಮ ಸ್ವರಲಿಪಿಯಲ್ಲಿ ಸಾಮಾನ್ಯವಾಗಿ ಈ ಮೂರನ್ನೂ ಒಂದೇ ರೀತಿ ಬರೆಯುತ್ತೇವೆ. ಎಳೆದ ನಾದಕ್ಕೂ ನಿಂತ ನಾದಕ್ಕೂ ಅದೇ ಅಲ್ಪವಿರಾಮ. ಸ್ಟಾಫ್ ನೊಟೇಶನ್‌ನಲ್ಲಿ ಮೂರಕ್ಕೂ ಬೇರೆ ಬೇರೆ ರೂಪ. ಸದ್ದಿಗೊಂದು ಗುರುತು ಇರುವ ಹಾಗೆ ಸುಮ್ಮನಿರುವುದಕ್ಕೂ ಅಳತೆಯ ಗುರುತುಗಳಿವೆ, ನಾಲ್ಕು ಎಣಿಕೆಗೆ ಒಂದು, ಎರಡಕ್ಕೆ ಒಂದು, ಒಂದಕ್ಕೆ, ಅರ್ಧಕ್ಕೆ, ಕಾಲಿಗೆ. ಬೇಸ್ ನುಡಿಸುವವನ ಅನ್ನ ಇರುವುದು ಇಲ್ಲೇ. ಡ್ರಮ್ಮಿನ ಕಿಕ್ (ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್) ಜೊತೆ ಎತ್ತುವುದು ಎಲ್ಲರಿಗೂ ಬರುತ್ತದೆ. ಸ್ನೇರ್ (ಕೋಲಿನಿಂದ ಹೊಡೆಯುವ ಚಿಕ್ಕ ಡ್ರಮ್) ಬೀಳುವ ಮುಂಚೆ ಸದ್ದು ಎತ್ತಿಕೊಳ್ಳುವುದನ್ನು ಕಲಿಯಲು ಕೆಲವರಿಗೆ ಹತ್ತು ವರ್ಷ ಬೇಕಾಗುತ್ತದೆ. ಕಾಗದದ ಮೇಲೆ ಕಂಡರೆ ಅಷ್ಟು ಬೇಡ.

ಹಾಗಂತ ಸರಿಗಮ ಬಿಡಬೇಡಿ. ಸ್ಟೇಜ್‌ಗೆ ಹತ್ತುವ ಹತ್ತು ನಿಮಿಷ ಮುಂಚೆ ಗಾಯಕಿ ಬಂದು ಗಂಟಲು ಸರಿಯಿಲ್ಲ, ಒಂದು ಮನೆ ಇಳಿಸಿ ಎನ್ನುತ್ತಾರೆ. ಆಗ ಸ್ಟಾಫ್ ಬರೆದುಕೊಂಡವನು ಎಲ್ಲವನ್ನೂ ತಲೆಯಲ್ಲೇ ಬದಲಾಯಿಸಬೇಕು. ಸರಿಗಮದಲ್ಲಿ ಯೋಚಿಸುವವನಿಗೆ ಷಡ್ಜದ ಜಾಗ ಮಾತ್ರ ಬದಲು, ಉಳಿದದ್ದೆಲ್ಲ ಹಾಗೇ. ಆದ್ದರಿಂದ ನಾನು ಎರಡನ್ನೂ ಬೆರೆಸುತ್ತೇನೆ. ನನ್ನ ಪುಸ್ತಕದಲ್ಲಿ ಮೇಲೆ ಸ್ಟಾಫ್‌ನ ಕಾಲದ ಗುರುತು, ಅದರ ಕೆಳಗೆ ಕನ್ನಡದಲ್ಲಿ ಸ್ವರ. ನೋಡಿದವರು ನಗುತ್ತಾರೆ. ಜಯಚಾಮರಾಜೇಂದ್ರ ಒಡೆಯರ್ ಅವರನ್ನು ನೆನೆದು ಸಮಾಧಾನ ಮಾಡಿಕೊಳ್ಳುತ್ತೇನೆ. ಪಿಯಾನೋ ಕಲಿತು, ಲಂಡನ್ನಿನ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರಾಗಿದ್ದ ಅರಸರು ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನೂ ರಚಿಸಿದರು. ಒಂದೇ ತಲೆಯಲ್ಲಿ ಎರಡೂ ಇರಬಹುದು.

ನಿಮ್ಮ ಇನ್ನೊಂದು ಮಾತು, ಸಿನಿಮಾ ಹಾಡಿಗೆ ನೊಟೇಶನ್ ಸಿಗುವುದಿಲ್ಲ ಎನ್ನುವುದು. ಅಂಗಡಿಯಲ್ಲಿ ಸಿಗುವುದಿಲ್ಲ, ನಿಜ. ಆದರೆ ನಾವು ಕೇಳಿ ಕೇಳಿ ಕದ್ದ ಬೇಸ್ ಲೈನ್‌ಗಳಲ್ಲಿ ಎಷ್ಟೋ ಮೊದಲು ಹುಟ್ಟಿದ್ದು ಕಾಗದದ ಮೇಲೆಯೇ. ಇಳಯರಾಜ ಅವರು ಪಿಟೀಲಿನಿಂದ ಹಿಡಿದು ಬೇಸ್‌ವರೆಗೆ ವಾದ್ಯಗಳ ಭಾಗವನ್ನು ಸ್ಟಾಫ್‌ನಲ್ಲಿ ಬರೆದುಕೊಡುವವರು. ಅವರ ಎಂಬತ್ತರ ದಶಕದ ಯಾವ ಕನ್ನಡ ಹಾಡನ್ನಾದರೂ ತೆಗೆದುಕೊಂಡು ಬೇಸನ್ನಷ್ಟೇ ಕೇಳಿ. ಅದು ಕಾರ್ಡಿನ ಹಿಂದೆ ನಡೆಯುವ ಆಳಲ್ಲ, ಪಕ್ಕದಲ್ಲಿ ತನ್ನದೇ ಹಾಡು ಹೇಳಿಕೊಂಡು ಬರುವ ಅಣ್ಣ. ಅಂಥ ಒಂದು ಲೈನನ್ನು ನೀವೇ ಕೇಳಿ ಬರೆಯಿರಿ. ಓದುವುದಕ್ಕಿಂತ ಬರೆಯುವುದರಲ್ಲೇ ಲಾಭ ಜಾಸ್ತಿ ಎಂದು ನನ್ನ ಅನುಭವ. ಬರೆಯುವಾಗ ಕಿವಿಗೆ ಸೋಮಾರಿತನ ಮಾಡಲು ಆಗುವುದಿಲ್ಲ. ಇಲ್ಲಿ ಒಂದು ಸ್ವರ ಇದೆಯೋ ಎರಡೋ, ನಿಂತದ್ದು ಅರ್ಧಕ್ಕೋ ಕಾಲಿಗೋ ಎಂದು ತೀರ್ಮಾನ ಮಾಡಲೇಬೇಕು. ಇಂಟರ್ನೆಟ್‌ನಲ್ಲಿ ಸಿಗುವ ಟ್ಯಾಬ್ ನೋಡಿಕೊಂಡು ನುಡಿಸುತ್ತಿದ್ದರೆ ಬೈಯುವುದಿಲ್ಲ. ಆದರೆ ಅಲ್ಲಿ ಸಾಮಾನ್ಯವಾಗಿ ಇರುವುದು ಯಾವ ಫ್ರೆಟ್ ಒತ್ತಬೇಕೆಂಬುದು ಮಾತ್ರ. ಎಷ್ಟು ಹೊತ್ತು, ಎಲ್ಲಿ ಬಿಡಬೇಕು ಎನ್ನುವುದು ಇರುವುದಿಲ್ಲ.

ಇನ್ನೂ ಒಂದು. ಚಿಕ್ಕಮಗಳೂರಿನಲ್ಲಾಗಲಿ ಹಾಸನದಲ್ಲಾಗಲಿ ಗಿಟಾರ್ ಮೇಷ್ಟ್ರು ಸಿಗುತ್ತಾರೆ, ಕೀಬೋರ್ಡ್ ಮೇಷ್ಟ್ರು ಸಿಗುತ್ತಾರೆ. ಬೇಸ್ ಕಲಿಸುವವರನ್ನು ಹುಡುಕಿಕೊಂಡು ಹೋಗಬೇಕು. ಓದಲು ಬಂದರೆ ಮೇಷ್ಟ್ರು ಪುಸ್ತಕದ ರೂಪದಲ್ಲಿ ಬಸ್ಸಿನಲ್ಲಿ ಬರುತ್ತಾರೆ. ಟ್ರಿನಿಟಿ ಕಾಲೇಜ್ ಲಂಡನ್, ರಾಕ್‌ಸ್ಕೂಲ್‌ನಂಥವರು ಬೇಸ್ ಗಿಟಾರಿಗೇ ಗ್ರೇಡ್ ಪುಸ್ತಕ ಹಾಕಿದ್ದಾರೆ. ಪರೀಕ್ಷೆ ಕಟ್ಟಲೇಬೇಕೆಂದಿಲ್ಲ. ಯಾವುದಾದ ಮೇಲೆ ಯಾವುದು ಎನ್ನುವ ಕ್ರಮ ಸಿಗುತ್ತದೆ, ಒಬ್ಬರೇ ಕಲಿಯುವವರಿಗೆ ಅದೇ ದೊಡ್ಡದು.

ವಯಸ್ಸಿನ ಚಿಂತೆ ಬಿಡಿ. ನಾನು ಆ ಟೋಪಿಯ ಅರ್ಥ ತಿಳಿದುಕೊಂಡಾಗ ನಿಮಗಿಂತ ಎಷ್ಟೋ ದೊಡ್ಡವನಾಗಿದ್ದೆ. ಕಾಲ ಮಾತ್ರ ನೋಡಿ ಆರಿಸಿಕೊಳ್ಳಿ. ಕಾಫಿ ಕೊಯ್ಲಿನ ಸಮಯದಲ್ಲಿ ನಿಮ್ಮಂಥ ರೈಟರ್‌ಗಳಿಗೆ ಉಸಿರಾಡಲು ಬಿಡುವಿರುವುದಿಲ್ಲ. ಆಷಾಢ ಒಳ್ಳೆಯದು. ಮದುವೆ ಇಲ್ಲ, ಆರತಕ್ಷತೆ ಇಲ್ಲ, ಹೊರಗೆ ಮಳೆ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಮೊದಲ ಹದಿನೈದು ದಿನ ಬೇಸ್ ಮುಟ್ಟಬೇಡಿ. ಹಾಳೆ ನೋಡಿಕೊಂಡು, ಕೈಯಲ್ಲಿ ತಾಳ ಹಾಕಿಕೊಂಡು, ಕಾಲವನ್ನು ಬಾಯಲ್ಲಿ ಹೇಳಿ. ಸದ್ದಿರುವ ಕಡೆ 'ತ' ಎನ್ನಿ. ನಿಲ್ಲುವ ಕಡೆ ಬಾಯಿ ಮುಚ್ಚಿ. ಮೆಟ್ರೊನೋಮ್ ನಿಮಿಷಕ್ಕೆ 60ರಲ್ಲಿ ಇರಲಿ. ಪಾಶ್ಚಾತ್ಯರ ನಾಲ್ಕು ಎಣಿಕೆಯ ಎರಡು ಬಾರ್ ನಿಮ್ಮ ಆದಿತಾಳದ ಒಂದು ಆವರ್ತ, ಅಲ್ವಾ? ಅದಕ್ಕೆ ಹೊಸದಾಗಿ ಏನೂ ಕಲಿಯಬೇಕಿಲ್ಲ.

ಸ್ವರದ ಜಾಗ ಕಲಿಯುವುದು ಅದಕ್ಕಿಂತ ಸುಲಭ. ಬೇಸ್ ಕ್ಲೆಫ್ ಎಂಬ ಕಿವಿಯ ಆಕಾರದ ಗುರುತಿಗೆ ಎರಡು ಚುಕ್ಕಿ ಇರುತ್ತವೆ. ಆ ಚುಕ್ಕಿಗಳ ನಡುವಿನ ಗೆರೆ ಎಫ್. ಕೆಳಗಿನಿಂದ ಮೇಲಕ್ಕೆ ಐದು ಗೆರೆಗಳು ಜಿ, ಬಿ, ಡಿ, ಎಫ್, ಎ. ನಿಮ್ಮ ನಾಲ್ಕು ಬಿಡಿ ತಂತಿಗಳನ್ನು ಮೊದಲು ಗುರುತಿಸಿಕೊಳ್ಳಿ. ಇ ಇರುವುದು ಐದು ಗೆರೆಗಳ ಕೆಳಗೆ, ಪ್ರತ್ಯೇಕ ತುಂಡು ಗೆರೆಯ ಮೇಲೆ. ಎ ಇರುವುದು ಕೆಳಗಿನ ಸಂದಿನಲ್ಲಿ. ಡಿ ನಟ್ಟನಡುವಿನ ಗೆರೆ. ಜಿ ಮೇಲಿನ ಸಂದು. ಬೇಸ್ ಗಿಟಾರ್ ನುಡಿಯುವುದಕ್ಕಿಂತ ಒಂದು ಸ್ಥಾಯಿ ಮೇಲೆ ಬರೆಯುವ ರೂಢಿ ಇದೆ, ಇಲ್ಲದಿದ್ದರೆ ಎಲ್ಲ ಸ್ವರವೂ ಗೆರೆಯ ಕೆಳಗೆ ಜೋತಾಡುತ್ತಿದ್ದವು. ಕೀಬೋರ್ಡ್‌ನವರ ಜೊತೆ ಕೂತು ನೋಡುವಾಗ ಇದನ್ನು ನೆನಪಿಡಿ, ಜಗಳ ತಪ್ಪುತ್ತದೆ.

ದುಡ್ಡಿನ ಲೆಕ್ಕ ಇಷ್ಟೇ. ಒಂದು ಸೆಟ್ ಒಳ್ಳೆಯ ತಂತಿ, 45ರಿಂದ 105ರ ದಪ್ಪದ ಅಳತೆಯದು. ಒಂದು ಸೆಟಪ್. ಸ್ಟೇಜ್‌ಗೆ ಒಂದು ಡಿಐ ಬಾಕ್ಸ್. ಅದು ಬೇಸಿನ ಸಿಗ್ನಲ್ಲನ್ನು ಉದ್ದದ ಕೇಬಲ್‌ನಲ್ಲಿ ಗದ್ದಲವಿಲ್ಲದೆ ಮಿಕ್ಸರ್‌ಗೆ ತಲುಪಿಸುತ್ತದೆ. ನಿಮ್ಮ ಬೇಸಿನಲ್ಲಿ ಬ್ಯಾಟರಿ ಇಲ್ಲವಾದರೆ ಆಕ್ಟಿವ್ ಡಿಐ ತಗೊಳ್ಳಿ. ಮನೆಗೆ ಒಂದು ಹೆಡ್‌ಫೋನ್ ಆಂಪ್. ಗಿಟಾರಿನ ಚಿಕ್ಕ ಆಂಪ್‌ಗೆ ಬೇಸ್ ಚುಚ್ಚಿ ಜೋರು ಮಾಡಬೇಡಿ, ಸ್ಪೀಕರ್ ಹರಿಯುತ್ತದೆ. ಬ್ಲೂಟೂತ್ ಸ್ಪೀಕರ್‌ನಲ್ಲಿ ಸದ್ದು ತಡವಾಗಿ ಬರುತ್ತದೆ, ಕಾಲಪ್ರಮಾಣವೇ ಕೆಡುತ್ತದೆ. ಡ್ರಮ್ಮಿನ ಎದುರು ನಿಲ್ಲುವಷ್ಟು ದೊಡ್ಡ ಆಂಪ್ ಈಗ ಬೇಡ, ಆರ್ಕೆಸ್ಟ್ರಾದಲ್ಲಿ ಹೇಗೂ ಮಾನಿಟರ್ ಇರುತ್ತದೆ. ಒಂದು ಗ್ರೇಡ್ ಪುಸ್ತಕ. ಇಷ್ಟಾದ ಮೇಲೂ ಕೂಡಿಟ್ಟದ್ದರಲ್ಲಿ ಅರ್ಧದ ಮೇಲೆ ಉಳಿಯುತ್ತದೆ. ಒಂದು ವರ್ಷ ಕಳೆದ ಮೇಲೂ ಐದನೇ ತಂತಿ ಬೇಕೆನ್ನಿಸಿದರೆ ಆಗ ತಗೊಳ್ಳಿ, ನಾನು ತಡೆಯುವುದಿಲ್ಲ.

ಮೊದಲ ಪಾಠಕ್ಕೆ ಹೊಸ ಹಾಡು ಬೇಡ. ಗೊತ್ತಿರುವುದನ್ನು ಗೊತ್ತಿಲ್ಲದ ಲಿಪಿಯಲ್ಲಿ ಬರೆಯಿರಿ. ಮಾಯಾಮಾಳವಗೌಳದ ಮೊದಲ ಸರಳೆ ವರಸೆ, ನಿದ್ದೆಯಲ್ಲೂ ಬರುತ್ತದೆಯಲ್ಲ. ಷಡ್ಜ ಸಿ ಎಂದಿಟ್ಟುಕೊಳ್ಳಿ. ಎ ತಂತಿಯ ಮೂರನೇ ಫ್ರೆಟ್ ಸ, ನಾಲ್ಕನೆಯದು ರಿ. ಡಿ ತಂತಿಯಲ್ಲಿ ಎರಡು, ಮೂರು, ಐದು, ಆರು ಎಂದು ಗ, ಮ, ಪ, ದ. ಜಿ ತಂತಿಯ ನಾಲ್ಕರಲ್ಲಿ ನಿ, ಐದರಲ್ಲಿ ಮೇಲಿನ ಸ. ಏರುವುದಕ್ಕೆ ಎರಡು ಬಾರ್, ಇಳಿಯುವುದಕ್ಕೆ ಎರಡು ಬಾರ್. ಒಂದು ಸ್ವರಕ್ಕೆ ಒಂದು ಎಣಿಕೆ. ಒಂದು ಸಲ ಎಣಿಕೆ ತುಂಬ ಸದ್ದಿರುವ ಹಾಗೆ ಬರೆಯಿರಿ. ಅದರ ಕೆಳಗೆ, ಅರ್ಧ ಎಣಿಕೆ ಸದ್ದು ಅರ್ಧ ಎಣಿಕೆ ಮೌನ ಇರುವ ಹಾಗೆ ಇನ್ನೊಮ್ಮೆ ಬರೆಯಿರಿ. ಎರಡನ್ನೂ ನುಡಿಸಿ ರೆಕಾರ್ಡ್ ಮಾಡಿ, ಹಾಳೆಯ ಫೋಟೊ ಜೊತೆ ಕಳಿಸಿ. ಒಂದೊಂದು ಸಾಲಿನಲ್ಲೂ ಫ್ಲಾಟ್ ಗುರುತು, ಅಂದರೆ ಸ್ವರವನ್ನು ಒಂದು ಮನೆ ಇಳಿಸುವ ಗುರುತು, ಒಟ್ಟು ನಾಲ್ಕು ಇರಬೇಕು, ರಿಷಭಕ್ಕೆ ಎರಡು, ಧೈವತಕ್ಕೆ ಎರಡು. ಆರು ಬಂದಿದ್ದರೆ ನಿಷಾದವನ್ನು ಇನ್ನೊಮ್ಮೆ ನೋಡಿ, ಅದು ಕಾಕಲಿ ನಿಷಾದ, ಫ್ಲಾಟ್ ಬೇಡದ ಮೇಲಿನ ನಿಷಾದ.